ಮೆಲ್ಬರ್ನ್‌ನ ಗ್ರೀಕ್ ಅಜ್ಜಿಯರ ಬದುಕು, ಆಚರಣೆ: ದಾಖಲಿಸುವಾಗ ಏನು ಕೇಳಬೇಕು, ಏನನ್ನು ಮುಟ್ಟಬಾರದು?

ಶರಾವತಿ_ದಡ:

ಮೆಲ್ಬರ್ನ್ ಕನ್ನಡಿಗರಿಗೂ ಗ್ರೀಕ್ ಸಂಪ್ರದಾಯ ಬಲ್ಲವರಿಗೂ ನಮಸ್ಕಾರ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಹೊರದೇಶಗಳಿಂದ ಬಂದು ನೆಲೆಸಿದ ಹಿರಿಯ ಹೆಂಗಸರ ಮಾತನ್ನು ಧ್ವನಿಮುದ್ರಿಸಿ, ಅವರ ವಸ್ತುಗಳ ಒಂದು ಸಣ್ಣ ಪ್ರದರ್ಶನ ಇಡುವ ಕೆಲಸ ನಡೆದಿದೆ. ನಮ್ಮ ಪಾಲಿಗೆ ಬಂದಿರುವುದು 1950 ಮತ್ತು 60ರ ದಶಕಗಳಲ್ಲಿ ಹಡಗಿನಲ್ಲಿ ಬಂದ ಗ್ರೀಕ್ ಅಜ್ಜಿಯರು. ಎಲ್ಲರಿಗೂ ಎಂಬತ್ತು ದಾಟಿದೆ. ಮೊಮ್ಮಕ್ಕಳು ದುಭಾಷಿಗಳಾಗಿ ಕೂರುತ್ತಾರೆ.

ನನಗೆ ಬೇಕಾದದ್ದು ಇಷ್ಟು. ಬಂದ ವರ್ಷ ಸರಿಯಾಗಿ ನೆನಪಿಲ್ಲದವರ ವಿಷಯದಲ್ಲಿ ಅದನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? ಸತ್ತವರ ಹೆಸರಿನಲ್ಲಿ ಮಾಡುವ ಗೋಧಿ, ಈಸ್ಟರ್‌ನ ಕೆಂಪು ಮೊಟ್ಟೆ, ಇವೆರಡನ್ನೂ ಉದ್ಘಾಟನೆಯ ದಿನ ಮಾಡಿ ತೋರಿಸಬಹುದೇ? ಅಳತೆ ಏನು? ಮದುವೆಗೆಂದು ನೇಯ್ದು ತಂದ ಬಟ್ಟೆಗಳನ್ನು ಹೇಗೆ ಇಡಬೇಕು? ದೃಷ್ಟಿ ತೆಗೆಯುವ ಮಂತ್ರವನ್ನು ರೆಕಾರ್ಡ್ ಮಾಡಿಕೊಳ್ಳಬಹುದೇ? ಗೊತ್ತಿರುವವರು ವಿವರವಾಗಿ ಬರೆಯಿರಿ.

ಬಂದರುಕಟ್ಟೆ:

ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ವರ್ಷ ಕೇಳಬೇಡಿ, ಹಡಗು ಕೇಳಿ. ಹಡಗಿನ ಹೆಸರು ಮರೆತವರು ಅಪರೂಪ. ‘ಪಾತ್ರಿಸ್’ ಎಂದರೆ, ಆ ಹಡಗು ಗ್ರೀಸ್‌ನ ಪಿರೇಯಸ್ ಬಂದರಿನಿಂದ ಆಸ್ಟ್ರೇಲಿಯಾಕ್ಕೆ ಮೊದಲು ಹೊರಟಿದ್ದು 1959ರ ಡಿಸೆಂಬರ್‌ನಲ್ಲಿ, ಹಾಗಾಗಿ ಅವರು ಅದಕ್ಕಿಂತ ಮುಂಚೆ ಬಂದಿರಲಾರರು. ‘ಬೆಗೋನಾ’ ಎಂದು ಹೇಳಿ ಹಡಗಿನ ತುಂಬ ಹೆಣ್ಣುಮಕ್ಕಳೇ ಇದ್ದರು ಎಂದರೆ ಅದು 1957. ಸುಮಾರು 900 ಮದುಮಗಳಂದಿರನ್ನು ಹೊತ್ತು ತಂದ ಪ್ರಯಾಣ ಅದು. ಅವರಲ್ಲಿ ಬಹಳ ಜನ ವರನನ್ನು ಫೋಟೋದಲ್ಲಿ ಮಾತ್ರ ನೋಡಿದ್ದವರು.

ಹಡಗಿನ ಹೆಸರೂ ಹೊಳೆಯದಿದ್ದರೆ ದಾರಿಯಲ್ಲಿ ನಿಂತ ಊರು ಕೇಳಿ. ಪೋರ್ಟ್ ಸಯೀದ್, ಏಡನ್ ಎಂದರೆ ಸೂಯೆಜ್ ಕಾಲುವೆಯ ದಾರಿ. ಆ ಕಾಲುವೆ 1967ರ ಜೂನ್‌ನಿಂದ 1975ರವರೆಗೆ ಮುಚ್ಚಿತ್ತು. ಆಫ್ರಿಕಾ ಸುತ್ತಿ ಬಂದು ಕೇಪ್‌ಟೌನ್ ಅಥವಾ ಡರ್ಬನ್ ನೋಡಿದೆ ಎಂದವರು ಹೆಚ್ಚಾಗಿ 1967ರ ನಂತರದವರು. 1956ರ ಕೊನೆಯಿಂದ 1957ರ ಏಪ್ರಿಲ್‌ವರೆಗೂ ಕಾಲುವೆ ಮುಚ್ಚಿತ್ತು, ಅದನ್ನೂ ಲೆಕ್ಕದಲ್ಲಿಡಿ.

ಏಕೆ ಬಂದಿರಿ ಎಂದು ನೇರವಾಗಿ ಕೇಳಿದರೆ ‘ಬಡತನ’ ಎಂಬ ಒಂದೇ ಉತ್ತರ ಬರುತ್ತದೆ. ಯಾವ ಊರು ಎಂದು ಕೇಳಿದರೆ ಕಾರಣ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಫಲೋನಿಯಾ, ಜಾಕಿಂಥೋಸ್, ಇಥಾಕಾ ದ್ವೀಪದವರಾದರೆ 1953ರ ಆಗಸ್ಟ್‌ನ ಭೂಕಂಪ. ಉತ್ತರದ ಗುಡ್ಡಗಾಡಿನವರಾದರೆ 1946–49ರ ಅಂತರ್ಯುದ್ಧ. ಈ ಯುದ್ಧದ ವಿಷಯ ಅವರಾಗಿ ಎತ್ತಿದರೆ ಮಾತ್ರ ಮುಂದುವರಿಸಿ, ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಬಣದಲ್ಲಿ ನಿಂತು ಹೋರಾಡಿದ ಕಾಲ ಅದು. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರೂ ಇಸ್ತಾಂಬುಲ್‌ನವರೂ ಸಿಗಬಹುದು. ಅವರನ್ನು ಹಳ್ಳಿಯ ಪದ್ಧತಿ ಕೇಳಿದರೆ ಬೇಸರಿಸಿಕೊಳ್ಳುತ್ತಾರೆ, ಏಕೆಂದರೆ ಅವರು ದೊಡ್ಡ ಪಟ್ಟಣದವರು. ಉತ್ತರ ಗ್ರೀಸ್‌ನ ಎಷ್ಟೋ ಹಳ್ಳಿಗಳ ಹೆಸರು 1920ರ ದಶಕದಲ್ಲಿ ಬದಲಾಗಿದೆ. ಅಜ್ಜಿ ಹೇಳಿದ ಹೆಸರು ನಕಾಶೆಯಲ್ಲಿ ಕಾಣದಿದ್ದರೆ ಅವರನ್ನು ತಿದ್ದಬೇಡಿ, ಎರಡೂ ಹೆಸರು ಬರೆದುಕೊಳ್ಳಿ.

ದಾಖಲೆ ಹುಡುಕುವಾಗ ಎಲ್ಲರೂ ಎಡವುವುದು ಮನೆತನದ ಹೆಸರಿನಲ್ಲಿ. ಗಂಡಸು ಪಾಪಡೋಪುಲೋಸ್ ಆದರೆ ಹೆಂಗಸು ಪಾಪಡೋಪುಲು. ಆಸ್ಟ್ರೇಲಿಯಾದ ಗುಮಾಸ್ತರು ಒಮ್ಮೆ ಹೀಗೆ, ಒಮ್ಮೆ ಹಾಗೆ ಬರೆದಿದ್ದಾರೆ. ಮದುವೆಯಾಗಲೆಂದು ಬಂದವರು ಪ್ರಯಾಣಿಕರ ಪಟ್ಟಿಯಲ್ಲಿ ತವರಿನ ಹೆಸರಲ್ಲೇ ಇರುತ್ತಾರೆ. ಆದ್ದರಿಂದ ಒಬ್ಬರಿಗೆ ಕನಿಷ್ಠ ನಾಲ್ಕು ರೂಪ ಹಾಕಿ ಹುಡುಕಿ. ವೊಡೊಂಗಾ ಹತ್ತಿರದ ಬೊನೆಗಿಲ್ಲಾ ಶಿಬಿರದಲ್ಲಿ ಇಳಿದವರಾದರೆ (1947ರಿಂದ 1971ರವರೆಗೆ ನಡೆದ ವಲಸಿಗರ ಶಿಬಿರ) ಅವರ ಹೆಸರಿನ ಕಾರ್ಡು ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುವ ಸಾಧ್ಯತೆ ಇದೆ.

ಇನ್ನೊಂದು. ಅಡುಗೆ, ಹಬ್ಬದ ಪ್ರಶ್ನೆಗಳಲ್ಲೇ ಮಾತು ಮುಗಿಸಬೇಡಿ. ಇವರಲ್ಲಿ ಬಹುತೇಕರು ಬಂದ ವಾರದಲ್ಲೇ ಬಟ್ಟೆ ಗಿರಣಿ, ಬಿಸ್ಕತ್ತು ಕಾರ್ಖಾನೆ, ಕಾರಿನ ಬಿಡಿಭಾಗದ ಕಾರ್ಖಾನೆಗಳಿಗೆ ಸೇರಿದವರು, ಅಥವಾ ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತು ತುಂಡಿಗಿಷ್ಟು ಎಂದು ದುಡಿದವರು. ಪಾಳಿ ಯಾವುದು, ಮಗುವನ್ನು ಯಾರು ನೋಡಿಕೊಂಡರು, ಸಂಬಳದ ಲಕೋಟೆ ಯಾರ ಕೈಗೆ ಹೋಗುತ್ತಿತ್ತು? ಈ ಮೂರನ್ನು ಕೇಳಿದ ಮೇಲೆಯೇ ಹಬ್ಬದ ಅಡುಗೆಗೆ ಹೊತ್ತು ಎಲ್ಲಿಂದ ಬಂತು ಎಂಬುದು ಅರ್ಥವಾಗುತ್ತದೆ.

ಗೋಧಿಹುಗ್ಗಿ:

ಸತ್ತವರ ಹೆಸರಿನ ಗೋಧಿಗೆ ಕೋಲಿವಾ ಎನ್ನುತ್ತಾರೆ. ದಯವಿಟ್ಟು ಅದನ್ನು ಪ್ರದರ್ಶನಕ್ಕೆಂದು ಮಾಡಿಸಬೇಡಿ. ಯಾರದಾದರೂ ಹೆಸರಿಲ್ಲದೆ, ಪಾದ್ರಿಯ ಪ್ರಾರ್ಥನೆ ಇಲ್ಲದೆ ಕೋಲಿವಾ ಇಲ್ಲ. ತಿಥಿಯ ಪಿಂಡವನ್ನು ಸ್ಟಾಲಿನಲ್ಲಿಟ್ಟು ತೋರಿಸಿ ಎಂದು ನಮ್ಮನ್ನು ಕೇಳಿದರೆ ಹೇಗಿರುತ್ತದೋ ಅವರಿಗೂ ಹಾಗೆಯೇ. ಅವರ ಮನೆಯಲ್ಲಿ ನಲವತ್ತನೆಯ ದಿನವೋ ವರ್ಷದ ಪ್ರಾರ್ಥನೆಯೋ ಇದ್ದಾಗ, ಕರೆದರೆ ಹೋಗಿ ಕೈಜೋಡಿಸಿ, ಒಪ್ಪಿದರೆ ದಾಖಲಿಸಿ. ಮೂರನೆಯ, ಒಂಬತ್ತನೆಯ, ನಲವತ್ತನೆಯ ದಿನ, ಆಮೇಲೆ ಮೂರು, ಆರು, ಒಂಬತ್ತು ತಿಂಗಳು, ವರ್ಷ, ಇದು ಕ್ರಮ. ಇದಲ್ಲದೆ ಸತ್ತವರೆಲ್ಲರಿಗೂ ಸೇರಿ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಆರಂಭದ ಹೊತ್ತಿಗೂ, ಈಸ್ಟರ್‌ನಿಂದ ಐವತ್ತನೆಯ ದಿನದ ಪೆಂತೆಕೋಸ್ತೆ ಹಬ್ಬದ ಹಿಂದಿನ ದಿನವೂ ಬರುವ ಆತ್ಮಗಳ ಶನಿವಾರಗಳಿವೆ. ಆ ದಿನ ಮನೆಯ ಸತ್ತವರ ಮೊದಲ ಹೆಸರುಗಳನ್ನು ಚೀಟಿಯಲ್ಲಿ ಬರೆದು ಗೋಧಿಯ ಜೊತೆ ಕೊಡುತ್ತಾರೆ, ಪಾದ್ರಿ ಓದುತ್ತಾರೆ.

ಅಳತೆ ಹೀಗೆ. ಗೋಧಿ 1 ಕಿಲೋ. ವಾಲ್ನಟ್ 250 ಗ್ರಾಂ, ಸಿಪ್ಪೆ ತೆಗೆದ ಬಾದಾಮಿ 250 ಗ್ರಾಂ, ಹುರಿದು ಅರೆಬರೆ ಕುಟ್ಟಿದ ಎಳ್ಳು 200 ಗ್ರಾಂ, ಒಣದ್ರಾಕ್ಷಿ 250 ಗ್ರಾಂ, ಎರಡು ದಾಳಿಂಬೆ, ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಅರ್ಧ ಕಟ್ಟು, ದಾಲ್ಚಿನ್ನಿ ಪುಡಿ ಎರಡು ಚಮಚ, ಲವಂಗದ ಪುಡಿ ಅರ್ಧ ಚಮಚ. ಮೇಲಿನ ಪದರಕ್ಕೆ ಕೆಂಪಗೆ ಹುರಿದ ಹಿಟ್ಟು ಅಥವಾ ರಸ್ಕ್ ಪುಡಿ 250 ಗ್ರಾಂ, ಐಸಿಂಗ್ ಸಕ್ಕರೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ. ಕೆಲವು ಊರುಗಳಲ್ಲಿ ಹಿಟ್ಟಿನ ಬದಲು ಹುರಿಗಡಲೆ ಪುಡಿ ಹಾಕುತ್ತಾರೆ. ನಮ್ಮ ಅಂಗಡಿಯ ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಿದರೆ ಚೆನ್ನಾಗಿಯೇ ಆಗುತ್ತದೆ. ಇಷ್ಟರಲ್ಲಿ ನಲವತ್ತು, ಐವತ್ತು ಸಣ್ಣ ಪೊಟ್ಟಣ ಆಗುತ್ತವೆ.

ಹಿಂದಿನ ದಿನ ಬೆಳಿಗ್ಗೆ ಗೋಧಿ ಆರಿಸಿ, ನೀರು ತಿಳಿಯಾಗುವವರೆಗೆ ತೊಳೆದು, ಧಾರಾಳ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಸಿಪ್ಪೆ ಇರುವ ಗೋಧಿಗೆ ಒಂದರಿಂದ ಒಂದೂವರೆ ಗಂಟೆ. ಕಾಳು ಬಾಯಿ ಬಿಡಲು ಶುರುವಾದಾಗ ಇಳಿಸಿ. ಹುಗ್ಗಿಗೆ ಬಳಸುವ ಕುಟ್ಟಿದ ಗೋಧಿ ಬೇಗ ಬೇಯುತ್ತದೆ, ಆದರೆ ಗಂಜಿ ಬಿಟ್ಟು ಅಂಟಾಗುತ್ತದೆ. ಅದನ್ನೇ ಬಳಸುವುದಾದರೆ ಅರ್ಧ ಗಂಟೆಯಿಂದಲೇ ಕಾಳು ಒತ್ತಿ ನೋಡುತ್ತಿರಿ. ಬಸಿದು, ತಣ್ಣೀರಿನಲ್ಲಿ ಜಾಲಿಸಿ, ದಪ್ಪ ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ ಒಣಗಿಸಬೇಕು.

ಕೆಡುವುದು ಇಲ್ಲಿಯೇ. ಮುಟ್ಟಿದರೆ ಕೈಗೆ ತೇವ ಹತ್ತಬಾರದು. ತೇವ ಉಳಿದರೆ ಮೇಲಿನ ಸಕ್ಕರೆ ಪ್ರಾರ್ಥನೆ ಮುಗಿಯುವ ಮೊದಲೇ ಕರಗಿ ಬೂದುಬಣ್ಣಕ್ಕೆ ತಿರುಗುತ್ತದೆ, ಗೋಧಿ ಹುಳಿಯುತ್ತದೆ. ಗ್ರೀಸ್‌ನಲ್ಲಿ ಫೆಬ್ರವರಿ ಎಂದರೆ ಚಳಿ, ರಾತ್ರಿಯಿಡೀ ಹೊರಗೆ ಹರಡಿಟ್ಟರೂ ನಡೆಯುತ್ತಿತ್ತು. ಮೆಲ್ಬರ್ನ್‌ನಲ್ಲಿ ಅದೇ ಶನಿವಾರ ಬೇಸಿಗೆಯ ಕೊನೆಯಲ್ಲಿ ಬರುತ್ತದೆ. ಬೆಂದ ಧಾನ್ಯವನ್ನು ಬಿಸಿ ಕೋಣೆಯಲ್ಲಿ ಹನ್ನೆರಡು ಗಂಟೆ ಬಿಟ್ಟರೆ ತಿಂದವರಿಗೆ ವಾಂತಿಭೇದಿಯಾಗಬಹುದು. ಫ್ಯಾನ್ ಕೆಳಗೆ ಒಂದೆರಡು ಗಂಟೆ ಆರಿಸಿ, ಅಗಲ ತಟ್ಟೆಗಳಲ್ಲಿ ಮುಚ್ಚದೆ ಫ್ರಿಜ್‌ನಲ್ಲಿ ರಾತ್ರಿ ಇಡಿ. ಫ್ರಿಜ್‌ನ ಒಣಗಾಳಿ ಉಳಿದ ತೇವ ಎಳೆದುಕೊಳ್ಳುತ್ತದೆ.

ವಾಲ್ನಟ್, ಬಾದಾಮಿ, ಎಳ್ಳು, ಮಸಾಲೆ ಬೆರೆಸುವುದು ಬೆಳಿಗ್ಗೆ. ದಾಳಿಂಬೆ ಎಲ್ಲಕ್ಕಿಂತ ಕೊನೆಗೆ, ಬಟ್ಟೆಯಲ್ಲಿ ಒತ್ತಿ ಒಣಗಿಸಿದ ಮೇಲೆ. ಫೆಬ್ರವರಿಯಲ್ಲಿ ಇಲ್ಲಿನ ದಾಳಿಂಬೆ ಇನ್ನೂ ಹಣ್ಣಾಗಿರುವುದಿಲ್ಲ. ಶೈತ್ಯೀಕರಿಸಿದ ಬೀಜ ರಸ ಬಿಟ್ಟು ಎಲ್ಲವನ್ನೂ ಕೆಂಪು ಮಾಡುತ್ತದೆ, ಅದಕ್ಕಿಂತ ಒಣದ್ರಾಕ್ಷಿ ಹೆಚ್ಚು ಹಾಕುವುದು ಮೇಲು. ತಟ್ಟೆಯಲ್ಲಿ ಗುಡ್ಡೆಯಾಗಿ ಒತ್ತಿ, ಅದರ ಮೇಲೆ ಹುರಿದ ಹಿಟ್ಟಿನ ಅರ್ಧ ಸೆಂಟಿಮೀಟರ್ ಪದರ. ಈ ಪದರ ತೇವವನ್ನು ಹೀರಿಕೊಂಡು ಸಕ್ಕರೆಯನ್ನು ಕಾಪಾಡುತ್ತದೆ, ಇದನ್ನು ಬಿಡುವಂತಿಲ್ಲ. ಅದರ ಮೇಲೆ ಒಂದು ಸೆಂಟಿಮೀಟರ್ ಜರಡಿ ಹಿಡಿದ ಸಕ್ಕರೆ. ಬೆಣ್ಣೆಕಾಗದ ಹಾಸಿ ಅಂಗೈಯಿಂದ ನಯವಾಗಿ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ಕಾರ್ನ್‌ಫ್ಲೋರ್ ಬೆರೆತ ಐಸಿಂಗ್ ಸಕ್ಕರೆ ತೇವವನ್ನು ಹೆಚ್ಚು ತಡೆಯುತ್ತದೆ. ಬೆಳ್ಳಿ ಬಣ್ಣದ ಸಕ್ಕರೆ ಮಣಿಗಳಿಂದ ಶಿಲುಬೆ, ಬಾದಾಮಿಯಿಂದ ಸತ್ತವರ ಹೆಸರಿನ ಮೊದಲಕ್ಷರ. ಇದನ್ನು ಚರ್ಚಿಗೆ ಹೊರಡುವ ಒಂದು ಗಂಟೆ ಮುಂಚೆ ಮಾಡಿದರೆ ಸಾಕು.

ಬೈಬಲ್‌ನ ಯೋಹಾನನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ನೆಲಕ್ಕೆ ಬಿದ್ದು ಸಾಯದ ಗೋಧಿಕಾಳು ಒಂಟಿಯಾಗಿ ಉಳಿಯುತ್ತದೆ, ಸತ್ತರೆ ಬಹಳ ಫಲ ಕೊಡುತ್ತದೆ ಎಂಬ ಮಾತಿದೆ. ಗೋಧಿಯೇ ಏಕೆ ಎಂದರೆ ಅಜ್ಜಿಯರು ಇದನ್ನೇ ಹೇಳುತ್ತಾರೆ.

ಶರಾವತಿ_ದಡ:

ಕೋಲಿವಾ ಪ್ರದರ್ಶನದ ಯೋಚನೆ ಕೈಬಿಟ್ಟೆ, ತಿಳಿಸಿದ್ದಕ್ಕೆ ಋಣಿ. ಕೆಂಪು ಮೊಟ್ಟೆಗೂ ಹೀಗೇ ಏನಾದರೂ ಕಟ್ಟುಪಾಡು ಇದೆಯೇ? ಪೇಟೆಯ ಪುಡಿಬಣ್ಣ ಬೇಡ ಎಂದಿದ್ದೇವೆ.

ಬೇರುಬಣ್ಣ:

ಮೊಟ್ಟೆ ತೋರಿಸಲು ಅಡ್ಡಿಯಿಲ್ಲ, ಅದು ಸಂತೋಷದ ವಸ್ತು. ಆದರೆ ದಿನ ನೋಡಿಕೊಳ್ಳಿ. ಬಣ್ಣ ಹಾಕುವುದು ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ. ಗ್ರೀಕರ ಆರ್ಥೊಡಾಕ್ಸ್ ಚರ್ಚಿನ ಈಸ್ಟರ್ ಬೇರೆ ಲೆಕ್ಕದಲ್ಲಿ ಬರುತ್ತದೆ, ಉದಾಹರಣೆಗೆ 2027ರಲ್ಲಿ ಮೇ 2ಕ್ಕೆ, ಅಂದರೆ ಬಣ್ಣದ ದಿನ ಏಪ್ರಿಲ್ 29. ಮರುದಿನ ಶುಕ್ರವಾರ ಶೋಕದ ದಿನ, ಅಂದು ಅಜ್ಜಿಯರನ್ನು ಕ್ಯಾಮೆರಾ ಮುಂದೆ ಕೂರಿಸಬೇಡಿ.

ಹನ್ನೆರಡು ಮೊಟ್ಟೆಗೆ ಹದಿನೈದು ದೊಡ್ಡ ಈರುಳ್ಳಿಯ ಒಣಸಿಪ್ಪೆ ಬೇಕು, ಹಳದಿ ಮೈಯ ಸಾಮಾನ್ಯ ಈರುಳ್ಳಿಯದು. ಅಜ್ಜಿಯರು ಅದನ್ನು ಎರಡು ತಿಂಗಳಿಂದ ಕೂಡಿಡುತ್ತಾರೆ. ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಪೂರ್ತಿ ಆರಿಸಿ, ಮೂರು ದೊಡ್ಡ ಚಮಚ ವಿನೆಗರ್ ಹಾಕಿ. ಮೊಟ್ಟೆಗಳು ಫ್ರಿಜ್‌ನಿಂದ ಹೊರಬಂದು ಕೋಣೆಯ ಬಿಸಿಗೆ ಬಂದಿರಬೇಕು. ತಣ್ಣನೆಯ ಮೊಟ್ಟೆಯನ್ನು ಬಿಸಿ ಬಣ್ಣಕ್ಕೆ ಇಳಿಸಿದರೆ ಬಿರುಕು ಖಂಡಿತ. ಪಾತ್ರೆಯಲ್ಲಿ ಒಂದೇ ಸಾಲಾಗಿ ಇಟ್ಟು, ಸಣ್ಣ ಉರಿಯಲ್ಲಿ ಕುದಿ ಬಂದ ಮೇಲೆ ಹನ್ನೆರಡರಿಂದ ಹದಿನೈದು ನಿಮಿಷ. ಉರಿ ಆರಿಸಿ ಅದೇ ನೀರಿನಲ್ಲಿ ತಣಿಯಲು ಬಿಡಿ. ಕಡು ಬಣ್ಣ ಬೇಕಾದರೆ ತಣಿದ ಮೇಲೆ ಪಾತ್ರೆಸಹಿತ ಫ್ರಿಜ್‌ನಲ್ಲಿ ರಾತ್ರಿಯಿಡಿ. ಒಣಗಿದ ಮೇಲೆ ಬಟ್ಟೆಗೆ ಎರಡು ಹನಿ ಆಲಿವ್ ಎಣ್ಣೆ ಹಚ್ಚಿ ಒರೆಸಿದರೆ ಹೊಳಪು.

ಸೋಸದೆ ಸಿಪ್ಪೆಯ ಜೊತೆಗೇ ಬೇಯಿಸಿದರೆ ಮೈಮೇಲೆ ಮಚ್ಚೆ ಏಳುತ್ತದೆ. ವಿನೆಗರ್ ಹೆಚ್ಚಾದರೆ ಚಿಪ್ಪಿನ ಸುಣ್ಣ ಕರಗಿ ಬಣ್ಣ ಪುಡಿಪುಡಿಯಾಗಿ ಕಳಚುತ್ತದೆ. ಇಲ್ಲಿ ಸಿಗುವ ಕಂದು ಮೊಟ್ಟೆಯ ಮೇಲೆ ಈರುಳ್ಳಿಯ ಬಣ್ಣ ಕಡು ಇಟ್ಟಿಗೆ ಕೆಂಪಾಗಿ ಕೂರುತ್ತದೆ, ಇದು ಅನುಕೂಲವೇ. ಚಟಕ್ಕನೆ ಕಣ್ಣಿಗೆ ಹೊಡೆಯುವ ಕೆಂಪು ಇದರಿಂದ ಬಾರದು. ಹಳೆಯ ಕಾಲದಲ್ಲಿ ರಿಜಾರಿ ಎಂಬ ಬೇರನ್ನೂ ಬಳಸುತ್ತಿದ್ದರು. ಅದು ನಮ್ಮ ಮಂಜಿಷ್ಠದ ಕುಲದ್ದೇ ಗಿಡ. ಜೋರಾಗಿ ಕುದಿಸಿದರೆ ಅದರ ಕೆಂಪು ಕಂದಾಗುತ್ತದೆ, ಹಾಗಾಗಿ ರಾತ್ರಿ ನೆನೆಸಿ, ಕುದಿ ಬರುವ ಮೊದಲೇ ಉರಿ ತಗ್ಗಿಸಬೇಕು.

ಮೊದಲು ಬಣ್ಣಕ್ಕಿಳಿದ ಮೊಟ್ಟೆ ದೇವಮಾತೆಯದು, ಅಂದರೆ ಕ್ರಿಸ್ತನ ತಾಯಿ ಮರಿಯಳದು. ಅದನ್ನು ಒಡೆಯುವುದಿಲ್ಲ, ಮನೆಯ ದೇವರ ಪಟಗಳ ಗೂಡಿನಲ್ಲಿ ಮುಂದಿನ ವರ್ಷದವರೆಗೆ ಇಟ್ಟು, ಹಳೆಯದನ್ನು ತೋಟದಲ್ಲಿ ಹೂಳುತ್ತಾರೆ. ಉಳಿದವನ್ನು ಶನಿವಾರದ ನಡುರಾತ್ರಿಯ ಪೂಜೆಯ ನಂತರ ತುದಿಗೆ ತುದಿ ತಾಗಿಸಿ ಒಡೆಯುವುದು. ಒಬ್ಬರು ‘ಖ್ರಿಸ್ತೋಸ್ ಆನೇಸ್ತಿ’ ಎಂದರೆ ಇನ್ನೊಬ್ಬರು ‘ಅಲಿಥೋಸ್ ಆನೇಸ್ತಿ’ ಎನ್ನಬೇಕು: ಕ್ರಿಸ್ತ ಎದ್ದ, ನಿಜವಾಗಿ ಎದ್ದ. ಗುರುವಾರಕ್ಕೂ ಮೊದಲೇ ನಿಮ್ಮ ಕಾರ್ಯಕ್ರಮ ಬಂದರೆ ಬಣ್ಣ ಹಾಕುವುದನ್ನಷ್ಟೇ ತೋರಿಸಿ, ಒಡೆಯುವ ಆಟ ಬೇಡ.

ಹಳೇಪೆಟ್ಟಿಗೆ:

ಬಟ್ಟೆಗಳ ವಿಷಯ. ಅವುಗಳನ್ನು ಪ್ರೀಕಾ ಎನ್ನುತ್ತಾರೆ, ಹೆಣ್ಣಿನ ಜೊತೆ ಕಳಿಸುವ ಹಾಸಿಗೆ, ಹೊದಿಕೆ, ಕಸೂತಿ, ಒಟ್ಟಿಗೆ ಹಣ ಅಥವಾ ಹೊಲ. ಪ್ರದರ್ಶನದ ಫಲಕದಲ್ಲಿ ‘ಸುಂದರ ಸಂಪ್ರದಾಯ’ ಎಂದು ಬರೆದು ಬಿಡಬೇಡಿ. ಗ್ರೀಸ್‌ನ ಕಾನೂನಿನಲ್ಲೇ ಇದ್ದ ಈ ವರದಕ್ಷಿಣೆಯನ್ನು ತೆಗೆದುಹಾಕಿದ್ದು 1983ರಲ್ಲಿ. ಮೂರು ನಾಲ್ಕು ಹೆಣ್ಣುಮಕ್ಕಳಿದ್ದ ಮನೆಯವರು ಅದನ್ನು ಹೊಂದಿಸಲಾಗದೆ ಮಗಳನ್ನು ಹಡಗು ಹತ್ತಿಸಿದ್ದುಂಟು, ತಂಗಿಯರ ಪ್ರೀಕಾಕ್ಕಾಗಿ ಅಣ್ಣಂದಿರು ಇಲ್ಲಿ ದುಡಿದದ್ದೂ ಉಂಟು. ಒಂದು ಅಜ್ಜಿಯ ಪೆಟ್ಟಿಗೆ ತುಂಬಿದ್ದರೆ ಇನ್ನೊಬ್ಬರದು ಖಾಲಿ ಇರುತ್ತದೆ. ಖಾಲಿ ಇದ್ದವರನ್ನೂ ಕೇಳಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತ್ರ ಕೇಳಬೇಡಿ.

ಉಣ್ಣೆಯ ವಸ್ತು ಬಂದರೆ ಮೊದಲು ಹುಳು ಸಾಯಿಸಬೇಕು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಹಾಕಿ ಬಿಗಿದು, ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ. ಹೊರತೆಗೆದ ಮೇಲೆ ಇಪ್ಪತ್ನಾಲ್ಕು ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಗಾಳಿಯ ತೇವವೆಲ್ಲ ಬಟ್ಟೆಯ ಮೇಲೆ ಕೂರುತ್ತದೆ. ಡಾಂಬರು ಗುಳಿಗೆ ಬೇಡ, ಆ ವಾಸನೆ ವರ್ಷಗಟ್ಟಲೆ ಹೋಗದು, ಆರೋಗ್ಯಕ್ಕೂ ಕೆಟ್ಟದ್ದು.

ಒಗೆಯಲು ಕೈ ಹಾಕುವ ಮೊದಲು ಕೆಂಪು ನೂಲಿನ ಮೇಲೆ ಒದ್ದೆ ಹತ್ತಿ ಒತ್ತಿ ನೋಡಿ. ಹತ್ತಿ ಗುಲಾಬಿಯಾದರೆ ನೀರೇ ಬೇಡ. ಬಿಳಿ ಕಸೂತಿಯ ಹಳದಿ ಕಲೆಗೆ ಬ್ಲೀಚ್ ಹಾಕಿದವರು ನೂಲನ್ನೇ ಕಳೆದುಕೊಳ್ಳುತ್ತಾರೆ. ಮಡಚಿದ ಗೆರೆಯಲ್ಲಿ ಬಟ್ಟೆ ಸೀಳುತ್ತದೆ, ಅದಕ್ಕೇ ಆಮ್ಲರಹಿತ ಕಾಗದ ಸುತ್ತಿದ ಕೊಳವೆಗೆ ಸುರುಳಿ ಸುತ್ತಿ. ಹಳೆಯ ಮರದ ಪೆಟ್ಟಿಗೆಯೂ ಆಮ್ಲ ಬಿಡುತ್ತದೆ. ಬಟ್ಟೆಯನ್ನು ಅದರೊಳಗೇ ತೋರಿಸುವ ಆಸೆ ಇದ್ದರೆ ನಡುವೆ ಕಾಗದದ ಪದರ ಇರಲಿ. ಬೆಳಕು 50 ಲಕ್ಸ್ ಮೀರಬಾರದು, ಕಿಟಕಿಯ ಬಿಸಿಲು ಬೇಡವೇ ಬೇಡ. ಮೂಲೆಯಲ್ಲಿ ಹೆಣೆದ ಎರಡಕ್ಷರ ಕಂಡರೆ ಅದು ಯಾರ ಹೆಸರು ಎಂದು ಕೇಳಿ ಬರೆದಿಡಿ. ಎಷ್ಟೋ ಸಲ ಅದು ಅಜ್ಜಿಯದಲ್ಲ, ಅವರ ತಾಯಿಯದು.

ಬೇರುಬಣ್ಣ:

ದೃಷ್ಟಿಯ ವಿಷಯಕ್ಕೆ ಯಾರೂ ಬಂದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ವಿಧಾನ ಕೇಳಿ, ಮಾತುಗಳನ್ನು ಕೇಳಬೇಡಿ. ತಟ್ಟೆಯಲ್ಲಿ ನೀರು, ಬೆರಳಿನಿಂದ ಮೂರು ಹನಿ ಆಲಿವ್ ಎಣ್ಣೆ. ಹನಿ ದುಂಡಗೆ ನಿಂತರೆ ದೃಷ್ಟಿಯಿಲ್ಲ, ಹರಡಿ ಮಾಯವಾದರೆ ತಾಗಿದೆ. ಒಳಗೊಳಗೇ ಪ್ರಾರ್ಥನೆ, ಶಿಲುಬೆಯ ಗುರುತು, ತೆಗೆಯುವವರಿಗೆ ಆಕಳಿಕೆ ಬಂದು ಕಣ್ಣಲ್ಲಿ ನೀರಾಡುತ್ತದೆ. ಕೆಲವು ಕಡೆ ಸೂಜಿಗೆ ಲವಂಗ ಚುಚ್ಚಿ ಮೇಣದಬತ್ತಿಗೆ ಹಿಡಿಯುತ್ತಾರೆ, ಚಟ್ಟೆಂದು ಸಿಡಿದರೆ ದೃಷ್ಟಿ. ಸಾಬೂನು ಉಳಿದ ತಟ್ಟೆಯಲ್ಲಿ ಎಣ್ಣೆ ಬೇರೆಯೇ ರೀತಿ ವರ್ತಿಸುತ್ತದೆ, ಆದ್ದರಿಂದಲೇ ಅದಕ್ಕೆಂದೇ ಒಂದು ತಟ್ಟೆ ಬೇರೆ ಇಟ್ಟಿರುತ್ತಾರೆ.

ಪ್ರಾರ್ಥನೆಯನ್ನು ಹೆಣ್ಣು ಗಂಡಿಗೆ, ಗಂಡು ಹೆಣ್ಣಿಗೆ ಮಾತ್ರ ಕೊಡಬೇಕು, ಸುಮ್ಮನೆ ಹೇಳಿದರೆ ಶಕ್ತಿ ಹೋಗುತ್ತದೆ ಎಂಬುದು ನಂಬಿಕೆ. ರೆಕಾರ್ಡರ್ ಮುಂದೆ ಹೇಳಿಸಿದರೆ ಅವರಿಂದ ಅದನ್ನು ಕಿತ್ತುಕೊಂಡ ಹಾಗೆ. ಚರ್ಚು ಒಪ್ಪುವುದು ಪಾದ್ರಿ ಓದುವ ಪ್ರಾರ್ಥನೆಯನ್ನು ಮಾತ್ರ, ಹಾಗಾಗಿ ಕೆಲವರು ಹೆಸರು ಹಾಕುವುದು ಬೇಡ ಎನ್ನಬಹುದು. ನೀವೇ ಮೊದಲು ಉಪ್ಪು, ಮೆಣಸಿನಕಾಯಿ ನಿವಾಳಿಸುವುದನ್ನು ಹೇಳಿ. ಅವರಾಗಿ ಹೋಲಿಸಿ ಮಾತಾಡುತ್ತಾರೆ.

ಬಂದರುಕಟ್ಟೆ:

ಗೋಧಿಹುಗ್ಗಿ ಅವರು ಹೇಳಿದ ಋತುವಿನ ಮಾತು ಬಹಳ ಮುಖ್ಯ, ಅದನ್ನೇ ಪ್ರದರ್ಶನದ ಎಳೆಯಾಗಿ ಹಿಡಿಯಬಹುದು. ಮಾರ್ಚ್ 1ಕ್ಕೆ ಮಕ್ಕಳ ಮಣಿಕಟ್ಟಿಗೆ ಕೆಂಪು ಬಿಳಿ ನೂಲು ಹೆಣೆದು ಕಟ್ಟುತ್ತಾರೆ, ವಸಂತದ ಮೊದಲ ಬಿಸಿಲಿಗೆ ಮೈ ಸುಡದಿರಲೆಂದು. ಇಲ್ಲಿ ಆ ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ. ಆದರೂ ಕಟ್ಟುತ್ತಾರೆ, ಈಸ್ಟರ್ ಮೇಣದಬತ್ತಿಯಲ್ಲಿ ಸುಡುತ್ತಾರೆ. ಈಸ್ಟರ್‌ಗೆ ಮುಂಚಿನ ಶುಕ್ರವಾರ ಕ್ರಿಸ್ತನ ಶವಮಂಚಕ್ಕೆ ಅಲ್ಲಿ ವಸಂತದ ಹೂ, ಇಲ್ಲಿ ಶರತ್ಕಾಲದ ಸೇವಂತಿಗೆ.

ಕಷ್ಟವಾಗಿದ್ದು ತುಳಸಿಯ ಜಾತಿಯ ವಾಸಿಲಿಕೋ. ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬಕ್ಕೆ ಅದು ಬೇಕೇ ಬೇಕು, ಚರ್ಚಿನಿಂದ ತಂದ ಕಡ್ಡಿಯಿಂದ ವರ್ಷದ ಹುಳಿಹಿಟ್ಟನ್ನು ಹೊಸದಾಗಿ ಎಬ್ಬಿಸುತ್ತಾರೆ. ಮೆಲ್ಬರ್ನ್‌ನ ಚಳಿಗಾಲದಲ್ಲಿ ಹೊರಗಿಟ್ಟ ಗಿಡ ಕಪ್ಪಾಗಿ ಸಾಯುತ್ತದೆ. ಅದಕ್ಕೆ ಏಪ್ರಿಲ್‌ನಲ್ಲೇ, ಹೂಬಿಡದ ಸಣ್ಣೆಲೆಯ ಜಾತಿಯಿಂದ ಒಂದು ಗೇಣು ಕಡ್ಡಿ ಮುರಿದು, ಕೆಳಗಿನ ಎಲೆ ಕಿತ್ತು, ನೀರಿನ ಲೋಟದಲ್ಲಿ ಬೇರು ಬರಿಸಿ, ಉತ್ತರ ದಿಕ್ಕಿನ ಕಿಟಕಿಯಲ್ಲಿ ಕುಂಡದಲ್ಲಿ ಕಾಪಾಡುತ್ತಾರೆ. ಇಲ್ಲಿ ಚಳಿಗಾಲದ ಬಿಸಿಲು ಬರುವುದು ಉತ್ತರದಿಂದ.

ಬರಿಗೈಯಲ್ಲಿ ಹೋಗಬೇಡಿ. ಬೇಸಿಗೆಯಾದರೆ ಒಂದು ಕಟ್ಟು ಹರಿವೆ ಸೊಪ್ಪು ಒಯ್ಯಿರಿ. ಅವರ ವ್ಲೀತಾ ಅದೇ ಜಾತಿ, ಬೇಯಿಸಿ ಎಣ್ಣೆ, ನಿಂಬೆರಸ ಹಾಕಿ ತಿನ್ನುತ್ತಾರೆ. ನಿಮ್ಮ ಮುಂದೆ ಚಮಚದಲ್ಲಿ ಹಣ್ಣಿನ ಪಾಕವೂ ಒಂದು ಲೋಟ ನೀರೂ ಬರುತ್ತದೆ. ಪೂರ್ತಿ ತಿಂದು, ನೀರು ಕುಡಿದ ಮೇಲೆ ರೆಕಾರ್ಡರ್ ಹೊರತೆಗೆಯಿರಿ. ಇನ್ನು, ಅವರು ‘ಇಲ್ಲ’ ಎನ್ನಲು ತಲೆ ಹಿಂದಕ್ಕೆ ಎತ್ತಿ ನಾಲಿಗೆ ಲೊಚಗುಟ್ಟುತ್ತಾರೆ ಅಷ್ಟೇ. ಧ್ವನಿಮುದ್ರಣದಲ್ಲಿ ಅದು ಉಳಿಯುವುದಿಲ್ಲ. ಆ ಕೂಡಲೇ ‘ಇಲ್ಲ ಅಂದಿರಿ, ಅಲ್ಲವೇ ಅಜ್ಜಿ’ ಎಂದು ಗಟ್ಟಿಯಾಗಿ ಹೇಳಿ, ಮೊಮ್ಮಗಳಿಂದಲೂ ಅದನ್ನೇ ಹೇಳಿಸಿ.